ಬಚ್ಚಲು ಮನೆಯ ಬಲ್ಬು

ನವೆಂಬರ್ 24ರ ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ಟೆಂಪೊ ಟ್ರಾವೆಲರ್ ಮೈಸೂರಿನ ನಮ್ಮ ಮನೆಯ ಗೇಟಿನ ಮುಂದೆ ನಿಂತಿತು. ಚಿತ್ರದುರ್ಗದಲ್ಲಿ ಕಾರ್ಯಕ್ರಮ ಮುಗಿಸಿ ರಾತ್ರಿಯೆಲ್ಲ ಪ್ರಯಾಣ. ಹಿಂದಿನ ಸೀಟಿನಲ್ಲಿ ಕೊಳಲಿನವರು ಬಾಯಿ ತೆರೆದು ನಿದ್ದೆ ಹೋಗಿದ್ದರು. ಬೇರೆ ಯಾರೇ ಆಗಿದ್ದರೂ ಚೀಲ ಎತ್ತಿಕೊಂಡು ನೇರ ಮನೆಯೊಳಗೆ ಹೋಗುತ್ತಿದ್ದರು. ನಾನು ಗಾಡಿಯ ಹಿಂದಿನ ಬಾಗಿಲು ತೆಗೆಸಿ, ಟಾರ್ಚ್ ಹಿಡಿದು, ಸಾಮಾನುಗಳನ್ನು ಒಂದರಿಂದ ಎಣಿಸತೊಡಗಿದೆ. 31ಕ್ಕೆ 31 ಇದ್ದವು. ಡ್ರೈವರ್ ಹುಡುಗ, "ಸಾರ್, ಇಲ್ಲಿ ಯಾರು ಕದೀತಾರೆ, ಮನೆಗೆ ಹೋಗಿ ಮಲಕ್ಕೊಳ್ಳಿ" ಎಂದು ನಕ್ಕ.

ನನ್ನವಳು ಬಾಗಿಲು ತೆರೆದಳು. "ಬಂದ್ರಾ? ಬಿಸಿನೀರು ಕಾದಿದೆ" ಎಂದಳು. ಕಾಫಿಯನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. ಕೈಕಾಲು ತೊಳೆಯಲು ಬಚ್ಚಲು ಮನೆಗೆ ಹೋದರೆ ಅಲ್ಲಿ ಝಗಝಗ ಬೆಳಕು. ಒಳ್ಳೆಯದಾಯಿತು ಅಂದುಕೊಂಡೆ. ಅಷ್ಟೇ ಅಂದುಕೊಂಡದ್ದು.

ನಾನು ಹಾಡುಗಾರನೂ ಅಲ್ಲ, ವಾದ್ಯಗಾರನೂ ಅಲ್ಲ. ಬಿ.ಕಾಂ. ಮುಗಿಸಿ 1974ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ, 2012ರಲ್ಲಿ ಗುಮಾಸ್ತನಾಗಿಯೇ ನಿವೃತ್ತನಾದವನು. ಬಡ್ತಿ ತೆಗೆದುಕೊಂಡರೆ ವರ್ಗವಾಗುತ್ತದೆ ಎಂದು ಬೇಡವೆಂದೆ. ಹಳೆಯ ಸಹೋದ್ಯೋಗಿಯೊಬ್ಬರ ಮಗ ಸುಗಮ ಸಂಗೀತದ ತಂಡ ಕಟ್ಟಿದ್ದಾನೆ. ನವೆಂಬರ್ ಬಂತೆಂದರೆ ಅಂಥ ತಂಡಗಳಿಗೆ ಸುಗ್ಗಿ. ಒಂದನೇ ತಾರೀಕಿನ ರಾಜ್ಯೋತ್ಸವ ಒಂದನೇ ತಾರೀಕಿಗೆ ಮುಗಿಯುವುದಿಲ್ಲ ಎಂದು ಕನ್ನಡಿಗರೆಲ್ಲರಿಗೂ ಗೊತ್ತು. ತಿಂಗಳಿಡೀ ಊರೂರಿನಲ್ಲಿ ನಡೆಯುತ್ತದೆ. ಹಿಂದಿನ ವರ್ಷ ಆ ಹುಡುಗನ ತಂಡಕ್ಕೆ ಚಪ್ಪಾಳೆ ಚೆನ್ನಾಗಿ ಬಿದ್ದಿತ್ತಂತೆ, ಲೆಕ್ಕ ಮಾತ್ರ ಚಿಂದಿಯಾಗಿತ್ತಂತೆ. ಡೀಸೆಲ್ ಬಿಲ್ಲು ಯಾರದೋ ಜೇಬಿನಲ್ಲಿ, ಲಾಡ್ಜಿನ ರಸೀದಿ ಇನ್ಯಾರದೋ ಪ್ಯಾಂಟಿನ ಜೊತೆ ವಾಷಿಂಗ್ ಮೆಷಿನ್ನಿನಲ್ಲಿ. "ಅಂಕಲ್, ಈ ಸಲ ನೀವು ಬನ್ನಿ. ಲೆಕ್ಕ ಬರೀರಿ, ಸಾಮಾನು ನೋಡ್ಕೊಳ್ಳಿ, ಸಾಕು" ಅಂದ. ನನಗೆ 73 ವರ್ಷ. ಯಾರಾದರೂ ಕೆಲಸಕ್ಕೆ ಕರೆದು 13 ವರ್ಷವಾಗಿತ್ತು. ಹೆಂಡತಿಯ ಮುಖ ನೋಡಿದೆ. "ಹೋಗಿ ಬನ್ನಿ. ಮನೇಲಿದ್ದು ನನ್ನ ಅಡುಗೆಮನೆ ಡಬ್ಬಿ ಎಣಿಸೋದು ತಪ್ಪುತ್ತೆ" ಎಂದಳು.

ಹೊರಡುವಾಗ ಎರಡು ಮಾತು ಹೇಳಿ ಹೋದೆ. ಮೊದಲನೆಯದು, ಮನೆಯ ಲೆಕ್ಕದ ಪುಸ್ತಕವನ್ನು ಒಂದು ದಿನವೂ ಬಿಡದೆ ಬರೆಯಬೇಕು. ಮದುವೆಯಾದ 1979ರಿಂದ ಅದನ್ನು ಬರೆಯುತ್ತಾ ಬಂದಿದ್ದೇನೆ, ನಡುವೆ ಒಂದು ಪುಟ ಖಾಲಿ ಬಿದ್ದರೆ ನನಗೆ ಊಟ ಸೇರುವುದಿಲ್ಲ. ಎರಡನೆಯದು, ಬಚ್ಚಲು ಮನೆಯ ಬಲ್ಬು ಹೋಗಿದೆಯಲ್ಲ, ಅದನ್ನು ಬಂದ ಮೇಲೆ ಹಾಕುತ್ತೇನೆ. ಎರಡನೆಯ ಮಾತನ್ನು ಅಕ್ಟೋಬರಿನಲ್ಲೂ ಎರಡು ಸಲ ಹೇಳಿದ್ದೆ.

ಹಾಸನದಿಂದ ಶುರುವಾಯಿತು. ಚಿಕ್ಕಮಗಳೂರು, ಶಿವಮೊಗ್ಗ, ಸಾಗರ, ಘಟ್ಟ ಇಳಿದು ಹೊನ್ನಾವರ, ಕಾರವಾರ, ಮತ್ತೆ ಘಟ್ಟ ಹತ್ತಿ ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ರಾಯಚೂರು, ಬಳ್ಳಾರಿ, ಕೊನೆಗೆ ಚಿತ್ರದುರ್ಗ. 14 ಕಾರ್ಯಕ್ರಮ. ಮೊದಲ ದಿನವೇ ನಾನು ಎಲ್ಲ ಪೆಟ್ಟಿಗೆ, ಚೀಲಗಳ ಮೇಲೂ ಬಿಳಿ ಪಟ್ಟಿ ಅಂಟಿಸಿ ನಂಬರು ಬರೆದೆ. 1 ಹಾರ್ಮೋನಿಯಂ, 2 ತಬಲಾ, 3 ಡಗ್ಗಾ, 4 ಕೀಬೋರ್ಡು, 5 ಕೊಳಲಿನ ಪೆಟ್ಟಿಗೆ, ಹೀಗೆ 31ನೆಯದು ಬ್ಯಾನರಿನ ಸುರುಳಿ. ಹುಡುಗರು ನಕ್ಕರು. ಮೂರನೆಯ ದಿನದ ಹೊತ್ತಿಗೆ, "ಹದಿನೇಳು ಎಲ್ಲಿ?" ಎಂದರೆ ಮೈಕ್ ಸ್ಟ್ಯಾಂಡಿನ ಚೀಲ ಎಂದು ಅವರಿಗೂ ಬಾಯಿಪಾಠವಾಗಿತ್ತು.

ವೇದಿಕೆಯ ಹಿಂದಿನ ಲೋಕವೇ ಬೇರೆ. ಎದುರು ಕೂತವರಿಗೆ ಪರದೆ ಏಳುವುದು ಗೊತ್ತು, ಅದಕ್ಕೆ ಮುಂಚಿನ ಐದು ಗಂಟೆ ಗೊತ್ತಿರುವುದಿಲ್ಲ. ಕೀಬೋರ್ಡಿಗೂ ಬಣ್ಣದ ದೀಪಗಳಿಗೂ ಒಂದೇ ಲೈನಿನಿಂದ ಕರೆಂಟು ಕೊಟ್ಟರೆ ಸ್ಪೀಕರಿನಲ್ಲಿ ದುಂಬಿ ಹೊಕ್ಕ ಹಾಗೆ ಗುಂಯ್ ಎನ್ನುತ್ತದೆ. ಮೈಕಿನ ತಂತಿಯನ್ನು ಮೊಣಕೈಗೆ ಸುತ್ತಿ ಹಗ್ಗದಂತೆ ಮಡಿಸಿದರೆ ಒಳಗಿನ ಎಳೆ ತಿರುಚಿಕೊಂಡು ಹಾಳಾಗುತ್ತದೆ, ಒಂದು ಸುತ್ತು ಮೇಲೆ, ಒಂದು ಸುತ್ತು ಒಳಗೆ ಎಂದು ಸುತ್ತಬೇಕು. ಇದನ್ನು ಸೌಂಡಿನ ಹುಡುಗ ನನಗೆ ಹಾಸನದಲ್ಲಿ ಕಲಿಸಿದ. ಅವನಿಗೆ 22 ವರ್ಷ. ನಾನು ತಪ್ಪು ಸುತ್ತಿದಾಗಲೆಲ್ಲ ಬಿಚ್ಚಿ ಮತ್ತೆ ಸುತ್ತಿಸುತ್ತಿದ್ದ. ಬ್ಯಾಂಕಿನಲ್ಲಿ ಹೊಸ ಹುಡುಗರಿಗೆ ನಾನು ನೋಟಿನ ಕಟ್ಟು ಎಣಿಸುವುದನ್ನು ಕಲಿಸಿದ್ದೂ ಹೀಗೆಯೇ.

ವಾದ್ಯಗಳಿಗೆ ನಮ್ಮ ಹಾಗೆ ಹವೆ ಹಿಡಿಯುತ್ತದೆ ಎನ್ನುವುದೂ ನನಗೆ ಹೊಸದು. ಚಿಕ್ಕಮಗಳೂರಿನ ಚಳಿಯಲ್ಲಿ ಕೊಳಲಿನ ಶ್ರುತಿ ಇಳಿದು ಹೋಗಿ, ಅವರು ಪರದೆಯ ಹಿಂದೆ ಹತ್ತು ನಿಮಿಷ ಸುಮ್ಮನೆ ಉಸಿರು ಊದಿ ಅದನ್ನು ಬೆಚ್ಚಗೆ ಮಾಡಿಕೊಂಡರು. ಕಲಬುರಗಿಯ ಒಣ ಹವೆಯಲ್ಲಿ ತಬಲಾದ ಚರ್ಮ ಬಿಗಿದುಕೊಂಡು ಶ್ರುತಿ ಏರುತ್ತಿತ್ತು. ಹೊನ್ನಾವರದಲ್ಲಂತೂ ಕಡಲ ಗಾಳಿಗೆ ಅದೇ ಚರ್ಮ ಸಡಿಲಾಗಿ, ಸುತ್ತಿಗೆಯಲ್ಲಿ ಎಷ್ಟು ತಟ್ಟಿದರೂ ಜಗ್ಗದು. ತಬಲಾದವರು ಅದನ್ನು ದೊಡ್ಡ ದೀಪದ ಮುಂದೆ ಮಗುವನ್ನು ಬೆಂಕಿ ಕಾಯಿಸುವ ಹಾಗೆ ಹಿಡಿದುಕೊಂಡು ಕೂತಿದ್ದರು. ಆ ರಾತ್ರಿ ಮನೆಗೆ ಫೋನು ಮಾಡಿ ಹತ್ತು ನಿಮಿಷ ಬರೀ ತಬಲಾದ ಕಥೆ ಹೇಳಿದೆ. ಅವಳು ಪೂರ್ತಿ ಕೇಳಿ, "ಮೆತ್ತಗಾದ ಹಪ್ಪಳಕ್ಕೂ ಅದೇ ಮದ್ದು, ಸ್ವಲ್ಪ ಬಿಸಿ ತೋರಿಸ್ಬೇಕು" ಎಂದಳು. ಮರುದಿನ ಗಾಡಿಯಲ್ಲಿ ಇದನ್ನು ಹೇಳಿ ಎಲ್ಲರನ್ನೂ ನಗಿಸಿದೆ.

ಸಾಗರದ ಹತ್ತಿರ ಒಂದು ಶಾಲೆಯ ವೇದಿಕೆ. ಐದನೇ ತರಗತಿಯ ಕೋಣೆಯೇ ನಮ್ಮ ಗ್ರೀನ್ ರೂಮು. ಮಗ್ಗಿಯ ಚಾರ್ಟಿನ ಕೆಳಗೆ ಗಾಯಕಿ ಜಡೆ ಹೆಣೆದುಕೊಳ್ಳುತ್ತಿದ್ದರು. ಕಿಟಕಿಯಲ್ಲಿ ಮಕ್ಕಳ ತಲೆ ಸಾಲಾಗಿ ಕಾಣುತ್ತಿತ್ತು. ಒಬ್ಬಳು ನನ್ನನ್ನು ಕರೆದು, "ತಾತಾ, ನೀವು ಯಾವ ಹಾಡು ಹೇಳ್ತೀರಿ?" ಎಂದು ಕೇಳಿದಳು. "ನಾನು ಹಾಡಲ್ಲಮ್ಮ, ಎಣಿಸ್ತೀನಿ" ಅಂದೆ. ಅವಳಿಗೆ ಬಹಳ ಬೇಜಾರಾದಂತೆ ಕಂಡಿತು.

ಎಣಿಸುವುದರ ಜೊತೆಗೆ ಗಡಿಯಾರ ನೋಡುವುದೂ ನನ್ನ ಕೆಲಸವಾಯಿತು. ಕಾರ್ಯಕ್ರಮ ನಾಡಗೀತೆಯಿಂದ ಆರಂಭ. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಎಂದು ಸರ್ಕಾರ 2022ರಲ್ಲಿ ಆದೇಶ ಮಾಡಿದೆ. ನನಗೆ ಈ ಆದೇಶ ಬಹಳ ಇಷ್ಟ, ಏಕೆಂದರೆ ಅದನ್ನು ಟ್ಯಾಲಿ ಮಾಡಬಹುದು. ನಮ್ಮವರು ಮೊದಲ ದಿನ 2 ನಿಮಿಷ 50 ಸೆಕೆಂಡು ತೆಗೆದುಕೊಂಡರು. ಧಾರವಾಡದ ಹೊತ್ತಿಗೆ ಸರಿಯಾಯಿತು.

ಪಿ. ಕಾಳಿಂಗರಾಯರು, ಅನಂತಸ್ವಾಮಿ, ಸಿ. ಅಶ್ವತ್ಥ್ ಇವರೆಲ್ಲ ಕವಿಗಳ ಪುಸ್ತಕದಲ್ಲಿದ್ದ ಕವಿತೆಯನ್ನು ಅಡುಗೆಮನೆಯವರೆಗೆ ತಂದವರು. ರೇಡಿಯೊದಲ್ಲಿ ಅವರ ಹಾಡು ಬಂದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತಿದ್ದವನು. ಆದರೆ ಒಂದು ನಿಜ ಹೇಳುತ್ತೇನೆ. ಇಡೀ ಸಂಚಾರದಲ್ಲಿ ನಾನು ಒಂದು ಹಾಡನ್ನೂ ನೆಟ್ಟಗೆ ಕೇಳಲಿಲ್ಲ. ಪರದೆಯ ಮರೆಯಲ್ಲಿ ನಿಂತವನಿಗೆ ಸ್ಪೀಕರಿನ ಬೆನ್ನು ಮಾತ್ರ ಸಿಗುತ್ತದೆ. ತಾಳ ಕೇಳಿಸುತ್ತದೆ, ಪದ ಕೇಳಿಸುವುದಿಲ್ಲ. ಜೊತೆಗೆ ತಲೆಯೊಳಗೆ ಬೇರೆಯೇ ಹಾಡು: ಗಾಯಕಿಗೆ ಬಿಸಿನೀರಿನ ಲೋಟ ಇಟ್ಟೆನೇ, ಊಟದವನಿಗೆ ಮುಂಗಡ ಕೊಟ್ಟೆನೇ, ಹದಿನೇಳು ಎಲ್ಲಿ?

ಒಂದೇ ಒಂದು ಸಲ ಕೇಳಿದೆ. ಊರಿನ ಹೆಸರು ಬೇಡ. ಜನರೇಟರು ಇದೆ ಎಂದಿದ್ದರು, ಡೀಸೆಲ್ ಇರಲಿಲ್ಲ. ಐದನೆಯ ಹಾಡಿನ ನಡುವೆ ಕರೆಂಟು ಹೋಯಿತು. ಗಾಯಕಿ ಮೈಕ್ ಕೆಳಗಿಟ್ಟು, ವೇದಿಕೆಯ ಅಂಚಿಗೆ ಬಂದು, ಬರೀ ಹಾರ್ಮೋನಿಯಂ ಜೊತೆ ಹಾಡು ಮುಂದುವರಿಸಿದರು. ಹಾರ್ಮೋನಿಯಂ ಮನೆಗಳು ಕಾಣಲೆಂದು ನಾನು ಟಾರ್ಚ್ ಹಿಡಿದು ಅವರ ಪಕ್ಕದಲ್ಲೇ ಮಂಡಿಯೂರಿ ಕುಳಿತೆ. ಆ ಹೆಣ್ಣುಮಗಳ ದನಿ ಹಾಗಿದೆ ಎಂದು ನನಗೆ ಹತ್ತು ದಿನದಿಂದ ಗೊತ್ತೇ ಇರಲಿಲ್ಲ. ಮುಗಿದ ಮೇಲೆ ಮಂಡಿ ಹಿಡಿದು ಏಳಲು ಇಬ್ಬರು ಎತ್ತಬೇಕಾಯಿತು, ಅದು ಬೇರೆ ವಿಷಯ.

ಲೆಕ್ಕದ ಬಗ್ಗೆ ಸ್ವಲ್ಪ ಜಂಬ ಕೊಚ್ಚಿಕೊಳ್ಳಬೇಕು. ಬ್ಯಾಂಕಿನಲ್ಲಿ ನಮ್ಮ ಕಾಲದಲ್ಲಿ ದಿನದ ಪುಸ್ತಕ ಟ್ಯಾಲಿ ಆಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಹತ್ತು ಪೈಸೆ ವ್ಯತ್ಯಾಸಕ್ಕೆ ರಾತ್ರಿ ಹನ್ನೊಂದರವರೆಗೆ ಲೆಡ್ಜರು ತಿರುವಿದ್ದೇವೆ. ವಿಜಯಪುರದಲ್ಲಿ 40 ರೂಪಾಯಿ ಕಡಿಮೆ ಬಂತು. ನಾಯಕ ಹುಡುಗ, "ಬಿಡಿ ಅಂಕಲ್" ಎಂದ. ನಾನು ಬಿಡಲಿಲ್ಲ. ರಾತ್ರಿ ಎರಡು ಗಂಟೆಗೆ ನೆನಪಾಯಿತು, ಡ್ರೈವರ್ ಹುಡುಗನಿಗೆ ದಾರಿಯಲ್ಲಿ ಎರಡು ನಿಂಬೆ ಸೋಡಾ. ಎದ್ದು ಬರೆದು, ಗೆರೆ ಎಳೆದು, ನೆಮ್ಮದಿಯಾಗಿ ಮಲಗಿದೆ. ನನ್ನ ಕಣ್ಣು ತಪ್ಪಿಸಿ ಒಂದು ರೂಪಾಯಿ ಹೋಗುವುದಿಲ್ಲ ಎಂದು ಬೆಳಿಗ್ಗೆ ಎಲ್ಲರಿಗೂ ಹೇಳಿದೆ.

ಇನ್ನು ಮನೆಯ ವಿಷಯ. ಬಂದ ಮೊದಲ ಎರಡು ರಾತ್ರಿ ನನಗೆ ಮನೆಯೇ ಲಾಡ್ಜಿನಂತೆ ಆಯಿತು. ಕತ್ತಲಲ್ಲಿ ಎದ್ದು ದೀಪದ ಗುಂಡಿಯನ್ನು ಇಲ್ಲದ ಗೋಡೆಯ ಮೇಲೆ ತಡಕಾಡಿದೆ. ಬೆಳಿಗ್ಗೆ ಆರಕ್ಕೆ ಎದ್ದು ಶರ್ಟು ಹಾಕಿಕೊಂಡು ಹೊರಗೆ ಬಂದು, ಎಣಿಸಲು ಏನೂ ಇಲ್ಲದೆ ಪೇಪರು ಎತ್ತಿಕೊಂಡೆ. ಧಾರವಾಡದ ಪೇಡೆ ಮೊಮ್ಮಗಳ ಪಾಲಾಯಿತು. ಮಗಳ ಮನೆ ನಮ್ಮಿಂದ ಎರಡು ಬೀದಿ ಆಚೆ, ಮಗು ಐದನೇ ತರಗತಿ, ಶಾಲೆ ಬಿಟ್ಟ ಮೇಲೆ ನಮ್ಮಲ್ಲೇ ಇರುತ್ತಾಳೆ. ಬಾಗಲಕೋಟೆಯಲ್ಲಿ ಕೊಂಡ ಇಳಕಲ್ ಸೀರೆಯನ್ನು ಹೆಂಡತಿಗೆ ಕೊಟ್ಟೆ. ಕೆಂಪು ಸೆರಗು ಸವರಿ ನೋಡಿ, ಮಡಿಸಿ ಒಳಗಿಟ್ಟಳು. "ಒಂದ್ಸಲ ಉಟ್ಟು ತೋರಿಸು" ಅಂದರೆ, "ಸಂಕ್ರಾಂತಿಗೆ ಉಡ್ತೀನಿ" ಎಂದಳು. ಬಣ್ಣ ಹಿಡಿಸಲಿಲ್ಲವೇನೋ ಅಂದುಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಲೆಕ್ಕದ ಪುಸ್ತಕ ತೆಗೆದೆ. ತಿಂಗಳ ಕೊನೆ ಹತ್ತಿರ ಬಂದಿತ್ತು, ಒಟ್ಟು ಹಾಕಬೇಕಲ್ಲ. ನವೆಂಬರ್ 1ರಿಂದ ಅವಳ ದುಂಡು ಅಕ್ಷರ. ಹಾಲು, ಸೊಪ್ಪು, ಹೂವು, ಗ್ಯಾಸು. 7ನೇ ತಾರೀಕಿನ ಕೊನೆಯ ಸಾಲು, "ಬಲ್ಬ್ 110". 8ನೇ ತಾರೀಕು ಅಕ್ಷರ ಬೇರೆ. ಪೆನ್ಸಿಲಿನಲ್ಲಿ, ಗೆರೆಯ ಮೇಲೆ ಒತ್ತಿ ಒತ್ತಿ ಬರೆದ ಮಗುವಿನ ಅಕ್ಷರ:

ಆಟೋ (ಹೋಗುವಾಗ) 70
ಡಾಕ್ಟರ್ 400
ಎಕ್ಸ್‌ರೇ 450
ಕೈ ಪಟ್ಟಿ 320
ಮಾತ್ರೆ 186
ಆಟೋ (ಬರುವಾಗ) 80
ಐಸ್‌ಕ್ರೀಮ್ (ನನಗೆ, ಅಜ್ಜಿ ಕೊಡಿಸಿದ್ದು) 30
ಒಟ್ಟು 1526

ನನ್ನ ಕಣ್ಣು ಮೊದಲು ಹೋದದ್ದು ಒಟ್ಟಿನ ಮೇಲೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. 1536 ಆಗಬೇಕು, ದಶಕ ಹಿಡಿಯುವಾಗ ಒಂದು ಬಿಟ್ಟಿದ್ದಾಳೆ ಅಂದುಕೊಂಡೆ. ಆಮೇಲೆ ಮೇಲಿನ ಸಾಲುಗಳು ಒಂದೊಂದಾಗಿ ಓದಿಸಿಕೊಂಡವು. ಕೈ ಪಟ್ಟಿ. ಯಾರ ಕೈ? ಪುಟ ತಿರುವಿದೆ. 21ರವರೆಗೂ ಪೆನ್ಸಿಲ್. "ಇಡ್ಲಿ (ಹೋಟೆಲ್) 90", "ಇಡ್ಲಿ (ಹೋಟೆಲ್) 90", "ಪಾತ್ರೆಯವರಿಗೆ 200". 46 ವರ್ಷದಲ್ಲಿ ನಮ್ಮ ಮನೆಗೆ ಹೋಟೆಲಿನಿಂದ ಇಡ್ಲಿ ಬಂದದ್ದಿಲ್ಲ. 22 ಮತ್ತು 23ಕ್ಕೆ ಮತ್ತೆ ಅವಳದೇ ಅಕ್ಷರ, ಆದರೆ ಬಸ್ಸಿನಲ್ಲಿ ಕೂತು ಬರೆದ ಹಾಗೆ ನಡುಗಿತ್ತು.

ಪುಸ್ತಕ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ. ಅವಳು ಎಡಗೈಯಲ್ಲಿ ಸಾರು ತಿರುವುತ್ತಿದ್ದಳು. ಎಡಗೈಯಲ್ಲಿ ನಾಲ್ಕು ಗಾಜಿನ ಬಳೆ ಇದ್ದವು. ಬಲಗೈ ಬೋಳಾಗಿತ್ತು. ಮೂರು ದಿನದಿಂದ ಆ ಕೈ ನನ್ನ ಎದುರೇ ಇತ್ತು.

"ಬಲ್ಬು ಹಾಕೋಕೆ ಹೋದ್ಯಾ?" ಅಂದೆ.

ಅವಳು ಪುಸ್ತಕ ನೋಡಿದಳು. "ಆ ಮಗು ಅದನ್ನೂ ಬರೆದುಬಿಡ್ತಾ?" ಎಂದಳು.

ಆಗಿದ್ದು ಇಷ್ಟು. ಕತ್ತಲೆಯ ಬಚ್ಚಲಿಗೆ ಹೋಗಲು ಮೊಮ್ಮಗಳು ಹೆದರುತ್ತಿದ್ದಳು. 7ರ ಬೆಳಿಗ್ಗೆ ಬಲ್ಬು ತಂದು, ಲೆಕ್ಕ ಬರೆದು, ಸಂಜೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಹತ್ತಿದ್ದಾಳೆ. ಬಲ್ಬು ಹಾಕಿದ್ದಾಯಿತು, ಇಳಿಯುವಾಗ ಸ್ಟೂಲು ಜಾರಿತು. ಬಲಗೈ ಊರಿ ಬಿದ್ದಳು. ಮೂಳೆ ಮುರಿದಿರಲಿಲ್ಲ, ಮಣಿಕಟ್ಟು ಚೆನ್ನಾಗಿ ಉಳುಕಿತ್ತು. ಎರಡು ವಾರ ಪಟ್ಟಿ. ಬಳೆಗಳನ್ನು ಊದಿದ ಕೈಯಿಂದ ತೆಗೆಯಲಾಗದೆ ಒಡೆದರಂತೆ. ಮಗಳಿಗೆ, ಅಳಿಯನಿಗೆ, ಮೊಮ್ಮಗಳಿಗೆ, ಪಕ್ಕದ ಮನೆಯವರಿಗೆ, ಹಾಲಿನವನಿಗೆ ಸಹ ಗೊತ್ತಿತ್ತು. ನಾನು ಧಾರವಾಡದಿಂದ ವಿಡಿಯೊ ಕಾಲ್ ಮಾಡಿದಾಗ, "ಚಾರ್ಜ್ ಇಲ್ಲ" ಎಂದು ಇಟ್ಟದ್ದು ಏಕೆ ಎಂದು ಈಗ ಅರ್ಥವಾಯಿತು.

ನಾನು ನನ್ನ ಪ್ರವಾಸದ ಡೈರಿ ತಂದು ತಾರೀಕು ಹೊಂದಿಸಿ ನೋಡಿದೆ. ನವೆಂಬರ್ 8, ಹೊನ್ನಾವರ. ತಬಲಾದ ರಾತ್ರಿ. ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ದಿನವೇ ಕೂತು ಆ ಹತ್ತು ನಿಮಿಷದ ಕಥೆ ಕೇಳಿ, ಹಪ್ಪಳದ ಮಾತು ಹೇಳಿದ್ದಳು.

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಏನು ಮಾಡ್ತಿದ್ರಿ? ಬಸ್ಸು ಹತ್ತಿ ಬರ್ತಿದ್ರಿ. ಬಂದು ನನ್ನ ಕೈ ನೋಡ್ಕೊಂಡು ಕೂರ್ತಿದ್ರಿ. ಅಲ್ಲಿ ಆ ಮೂವತ್ತೊಂದು ಯಾರು ಎಣಿಸ್ತಿದ್ರು?"

ಅವಳು ಬೇಸರದಿಂದ ಹೇಳಿದಳೋ, ತಮಾಷೆಗೆ ಹೇಳಿದಳೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಅವಳ ಕೈಯಿಂದ ಸೌಟು ತೆಗೆದುಕೊಂಡು ಸಾರು ತಿರುವಿದೆ. "ಕುದೀತಾ ಇದೆ, ಆರಿಸಿ" ಎಂದಳು. ಆರಿಸಿದೆ.

ಸಂಜೆ ಮೊಮ್ಮಗಳು ಬಂದಳು. "ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. ಚೀಲ ಕೆಳಗಿಡುತ್ತಾ, "ತಾತನಿಗೆ ಹೇಳಲ್ಲ ಅಂತ ಅಜ್ಜಿ ಪ್ರಾಮಿಸ್ ತಗೊಂಡಿದ್ರು. ಬರೆಯಲ್ಲ ಅಂತ ತಗೊಂಡಿರ್ಲಿಲ್ಲ" ಎಂದಳು. ಆಮೇಲೆ, "ದಿನಾ ಬರೀಲೇಬೇಕು, ಪುಟ ಖಾಲಿ ಬಿದ್ರೆ ತಾತ ಊಟ ಮಾಡಲ್ಲ ಅಂತ ಅಜ್ಜಿನೇ ಹೇಳ್ತಿದ್ರು. ಸರಿಯಾಗಿ ಬರ್ದಿದೀನಾ?" ಎಂದು ಕೇಳಿದಳು.

ಸರಿಯಾಗಿದೆ ಎಂದೆ. ಆ 1526 ಇನ್ನೂ ಹಾಗೆಯೇ ಇದೆ. ತಿಂಗಳ ಒಟ್ಟು ಹಾಕುವಾಗ ಹತ್ತು ರೂಪಾಯಿ ವ್ಯತ್ಯಾಸ ಬಂತು, "ಇತರೆ" ಎಂದು ಬರೆದೆ. 38 ವರ್ಷದ ನೌಕರಿಯಲ್ಲಿ ಎಂದೂ ಮಾಡದ ಕೆಲಸ ಅದು.

ಮರುದಿನ ಹೋಗಿ ಅಲ್ಯೂಮಿನಿಯಂ ಏಣಿ ಕೊಂಡು ತಂದೆ. ಪ್ಲಾಸ್ಟಿಕ್ ಸ್ಟೂಲನ್ನು ಹಳೆ ಸಾಮಾನಿನವನಿಗೆ ಹಾಕಿದೆ. ಬಟ್ಟೆ ಹಿಂಡುವುದು, ತೆಂಗಿನಕಾಯಿ ತುರಿಯುವುದು ಈಗ ನನ್ನ ಪಾಲಿನದು. ತುರಿಯಲ್ಲಿ ಕರಟ ಬರುತ್ತದೆ ಎಂದು ದಿನಾ ಬೈಸಿಕೊಳ್ಳುತ್ತೇನೆ. ವೈದ್ಯರು ಅವಳಿಗೆ ರಬ್ಬರ್ ಚೆಂಡು ಹಿಸುಕುವ ವ್ಯಾಯಾಮ ಹೇಳಿದ್ದಾರೆ, ಬೆಳಿಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು. ಎಣಿಸುವವನು ನಾನು. ಹದಿನೆಂಟಕ್ಕೇ ನಿಲ್ಲಿಸಿ, ಆಯಿತು ಎನ್ನುತ್ತಾಳೆ. ನಾನು ಒಪ್ಪುವುದಿಲ್ಲ.

ಮೊನ್ನೆ ತಂಡದ ಹುಡುಗ ಫೋನು ಮಾಡಿದ್ದ. ಫೆಬ್ರವರಿಯಲ್ಲಿ ಮುಂಬೈ, ಪುಣೆಯ ಕನ್ನಡ ಸಂಘಗಳಲ್ಲಿ ಕಾರ್ಯಕ್ರಮ, ಒಂಬತ್ತು ದಿನ. "ಅಂಕಲ್, ನಿಮ್ಮ ನಂಬರ್ ಚೀಟಿ ಯಾರೂ ಕಿತ್ತಿಲ್ಲ. ನೀವು ಬರಲೇಬೇಕು" ಅಂದ. ಕೇಳಿ ಹೇಳುತ್ತೇನೆ ಎಂದೆ. ಅವಳು ಹಾಲ್‌ನಲ್ಲಿ ಚೆಂಡು ಹಿಸುಕುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಹೋಗೋದಾದ್ರೆ ಹೋಗಿ" ಎಂದಳು. "ಈ ಸಲ ಲೆಕ್ಕ ಮಾತ್ರ ನಾನು ಬರೆಯಲ್ಲ."

ಅವನಿಗೆ ನಾನು ಇನ್ನೂ ಫೋನು ಮಾಡಿಲ್ಲ.